ಜರಡಿಯ ಮೇಲೆ ಉಳಿದದ್ದು

"ಆ ಮಣ್ಣು ನಮ್ಮ ಹೊಲದ್ದಲ್ಲ ಮೇಷ್ಟ್ರೇ. ನಮ್ಮದು ಇದು."

ಹೆಂಗಸು ಮೇಜಿನ ಮೇಲೆ ವರದಿಯ ಕಾಗದವನ್ನೂ ಪಕ್ಕದಲ್ಲಿ ಒಂದು ಡಬ್ಬಿಯನ್ನೂ ಇಟ್ಟಳು. ಡಬ್ಬಿಯಲ್ಲಿ ಕಪ್ಪು ಮಣ್ಣು, ಅದರೊಳಗೆ ಮಿಸುಕಾಡುವ ಒಂದು ಎರೆಹುಳು.

ಜರಡಿ ಮೇಷ್ಟ್ರು ಪಾಠ ಹೇಳಿದವರಲ್ಲ. ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ಮೂವತ್ತು ವರ್ಷ ಜರಡಿ ಹಿಡಿದು, ನಿವೃತ್ತರಾದ ಮೇಲೂ ಹಿಂಬದಿಯ ಕೋಣೆಯಲ್ಲೇ ಉಳಿದವರು. ಬೇಲಿ ಜರುಗಿಸಿದ್ದು ಯಾರು, ಬಾವಿಗೆ ಉಪ್ಪು ಸುರಿದದ್ದು ಯಾರು ಎಂಬಂಥ ಗಂಟುಗಳನ್ನು ಬಿಡಿಸಿ ಆ ಹೆಸರು ಪಡೆದಿದ್ದರು. ಅವರ ಬಲಗೈ ತಕ್ಕಡಿ ಅಕ್ಕ. ಬಂದ ಮಣ್ಣನ್ನು ತೂಗಿ ಚೀಟಿ ಹಚ್ಚುವುದು ಅವಳ ಕೆಲಸ. ವರದಿಯ ಸಂಖ್ಯೆಯನ್ನು ಅವಳು ನೋಡುತ್ತಲೇ ಗುರುತಿಸಿದಳು. ಆ ಸಂಖ್ಯೆಯ ಮಣ್ಣಿನ ಚೀಲ ಬಿಚ್ಚಿದ್ದು ಅವಳೇ.

ಸಂಗತಿ ಇಷ್ಟು. ಗಾಡಿಗೆ ಇಂಧನವಾಗಿ ಸುರಿಯುವ, ಬಂಜರಲ್ಲೂ ಬರುವ ಎಣ್ಣೆಬೀಜ ಬೆಳೆಯಲು ಒಂದು ಕಂಪನಿಗೆ ಹೊಲ ಬೇಕಿತ್ತು. ಬಂಜರಾದರೆ ಕೊಡಬಹುದು, ಫಲವತ್ತಾದದ್ದನ್ನು ಕೊಡುವ ಹಾಗಿಲ್ಲ ಎಂಬುದು ಕಾನೂನು. ಈ ಹೊಲ ಅಣ್ಣನ ಹೆಸರಿನಲ್ಲಿತ್ತು. ಇಪ್ಪತ್ತು ವರ್ಷದಿಂದ ಗೇಯ್ದವಳು ಅವನ ತಂಗಿ, ಈ ಹೆಂಗಸು. ವರದಿ ಬಂಜರು ಎಂದಿತು, ಅಣ್ಣ ರುಜು ಹಾಕಿದ, ಹೊಲದ ಅಂಚಿಗೆ ಯಂತ್ರ ಬಂದು ನಿಂತಿತು.

"ಮಣ್ಣು ತೆಗೆಯುವಾಗ ನೀನಿದ್ಯಾ?" ಎಂದರು ಮೇಷ್ಟ್ರು.

ಇದ್ದಳಂತೆ. ಕಚೇರಿಯ ಗುದ್ದಲಿಯವನು ಹದಿನೈದು ಕಡೆ ಗೇಣುದ್ದ ಅಗೆದು, ಎಲ್ಲವನ್ನೂ ಬೆರೆಸಿ, ಚೀಲಕ್ಕೆ ತುಂಬಿ ಕಟ್ಟಿದ್ದನ್ನು ಕಣ್ಣಾರೆ ಕಂಡಿದ್ದಳು. ಆಮೇಲೆ ಅವನು ಅಣ್ಣನ ಮನೆಯಲ್ಲಿ ಊಟಕ್ಕೆ ಕುಳಿತ. ಕಂಪನಿಯ ಏಜೆಂಟನೂ ಇದ್ದ. ಚೀಲ ಜಗಲಿಯ ಮೇಲಿತ್ತು.

ತಕ್ಕಡಿ ಅಕ್ಕನಿಗೆ ಆಗ ನೆನಪಾಯಿತು. ಗುದ್ದಲಿಯವನ ಗಂಟು ಒಂದೇ ಎಳೆತಕ್ಕೆ ಬಿಚ್ಚುವಂಥದ್ದು. ಆ ದಿನದ್ದು ಬಿಚ್ಚದೆ ಕತ್ತರಿ ಹಾಕಿದ್ದಳು. "ನನ್ನ ಕಣ್ಣಿಗೆ ಏನು ಮಂಕು ಬಡಿದಿತ್ತೋ" ಎಂದು ನೊಂದುಕೊಂಡಳು. ಮೇಷ್ಟ್ರು ತಮ್ಮ ಪೆಟ್ಟಿಗೆ ಎಳೆದರು.

ಜರಡಿ ದಾಟಿದ್ದು ಪರೀಕ್ಷೆಗೆ, ಮೇಲೆ ಉಳಿದದ್ದು ತಿಪ್ಪೆಗೆ; ಇದು ಕಚೇರಿಯ ಪದ್ಧತಿ. ಮೇಷ್ಟ್ರು ಮಾತ್ರ ಆ ಉಳಿದದ್ದನ್ನೇ ಬೇಡಿ ತಂದು, ಸಂಖ್ಯೆ ಬರೆದು ಪೊಟ್ಟಣ ಕಟ್ಟಿಡುತ್ತಿದ್ದರು. ಈ ವರದಿಯ ಸಂಖ್ಯೆಯ ಪೊಟ್ಟಣದಲ್ಲಿ ಕೆಂಪನೆಯ ಸುಟ್ಟ ಹರಳುಗಳಿದ್ದವು, ಇದ್ದಿಲ ಚೂರುಗಳಿದ್ದವು.

ಮೇಷ್ಟ್ರು, ತಕ್ಕಡಿ ಅಕ್ಕ ಇಬ್ಬರೂ ತಂಗಿಯೊಂದಿಗೆ ಹೊಲ ಸುತ್ತಿದರು. ಎಲ್ಲಿ ಕೆದಕಿದರೂ ಅಂಥ ಹರಳಿಲ್ಲ. ಕೊನೆಗೆ ಅಣ್ಣನ ಮನೆಯ ಹಿಂದಿನ ಹುಲ್ಲಿನ ಬಣವೆಯ ಬುಡದಲ್ಲಿ ಸಿಕ್ಕಿತು, ಹುಲ್ಲು ಮುಚ್ಚಿದ ಹೊಸ ಗುಂಡಿಯೊಂದಿಗೆ. ಬಣವೆ ಅಲ್ಲೇ ಯಾಕೆ ಎಂದರೆ, ತಾನು ಹುಟ್ಟಿದಾಗಿನಿಂದ ಅಲ್ಲೇ ಇದೆ ಎಂದಳು ತಂಗಿ. ಮನೆಯ ಇಟ್ಟಿಗೆ ಎಲ್ಲಿಂದ ಬಂತು ಎಂಬುದೂ ಅವಳಿಗೆ ತಿಳಿಯದು. ಮನೆಗೂ ಅವಳಿಗಿಂತ ಹೆಚ್ಚು ವಯಸ್ಸು.

ಮೇಷ್ಟ್ರು ಅಂದೇ ಕಚೇರಿಯ ದೊಡ್ಡ ಸಾಹೇಬರ ಬಾಗಿಲು ತಟ್ಟಿದರು. ಸಾಹೇಬರು ಮೂರು ದಿನ ಬಿಟ್ಟು ಸಮಯ ಕೊಟ್ಟರು. ಅಲ್ಲಿಯವರೆಗೆ ಹೊಲದಲ್ಲಿ ಯಂತ್ರದ ಕೆಲಸ ನಿಲ್ಲಿಸಿ ಎಂದರೆ, ಅದು ತಮ್ಮ ಕೈಯಲ್ಲಿಲ್ಲ ಎಂದರು.

ಮೂರನೆಯ ದಿನ ಎಲ್ಲರೂ ತೂಕದ ಕೋಣೆಯಲ್ಲಿ ಸೇರಿದರು. ಮೇಷ್ಟ್ರು ಗುದ್ದಲಿಯವನಿಗೆ, ಏಜೆಂಟನಿಗೆ, ಅಣ್ಣನಿಗೆ ಒಂದೊಂದು ಚೀಲ, ಒಂದೊಂದು ಹುರಿ ಕೊಟ್ಟು ಕಟ್ಟಲು ಹೇಳಿದರು.

"ಇದೇನು ಮಕ್ಕಳಾಟ" ಎಂದು ಏಜೆಂಟ್ ನಕ್ಕ. ಅವನ ಗಂಟು ಬೂಟಿನ ದಾರದ ಹಾಗಿತ್ತು. ಗುದ್ದಲಿಯವನದು ಒಂದೇ ಎಳೆತಕ್ಕೆ ಬಿಚ್ಚಿತು. ಅಣ್ಣ ಗೋದಾಮಿನಲ್ಲಿ ಮೂಟೆ ಕಟ್ಟಿ ಮುದಿಯಾದವನು. ಅವನ ಕೈ ಯೋಚಿಸುವ ಮೊದಲೇ ಕಟ್ಟಿ ಮುಗಿಸಿತ್ತು. ತಕ್ಕಡಿ ಅಕ್ಕ ಎಳೆದಳು, ಉಗುರು ಹಾಕಿದಳು, ಕೊನೆಗೆ ಕತ್ತರಿಗೆ ಕೈಚಾಚಿದಳು.

ಮೇಷ್ಟ್ರು ಮೆಲ್ಲಗೆ ಹೇಳಿದರು. ಚೀಲ ಬದಲಾದದ್ದು ಊಟದ ಹೊತ್ತಿನಲ್ಲಿ. ತುಂಬಿದ್ದು ಇಟ್ಟಿಗೆ ಸುಟ್ಟ ಜಾಗದ ಮಣ್ಣು. ಸುಟ್ಟ ಮಣ್ಣಿನಲ್ಲಿ ಸತ್ವ ಇರುವುದಿಲ್ಲ. ಆ ಗೂಡು ಬಣವೆಯ ಕೆಳಗೆ ಹೂತು ಎಷ್ಟೋ ವರ್ಷವಾಯಿತು. ಏಜೆಂಟ್ ಊರಿಗೆ ಬಂದದ್ದು ಹೋದ ವರ್ಷ, ಗುದ್ದಲಿಯವನು ಬೇರೆ ಊರಿನವನು, ತಂಗಿ ಆಮೇಲೆ ಹುಟ್ಟಿದವಳು. ಆ ಬೆಂಕಿ ಕಂಡವನು ಇಲ್ಲಿ ಒಬ್ಬನೇ.

ಅಣ್ಣ ತಲೆ ಎತ್ತಲಿಲ್ಲ. "ನೀರು ತುಂಬ್ಕೊಂಡು ಬರ್ತೀನಿ ಅಂತ ಊಟದಿಂದ ಎದ್ದೆ" ಎಂದ. ಆಮೇಲೆ, "ಅವಳ ಬೆನ್ನು ಬಾಗಿಹೋಗಿದೆ. ಬಿಡು ಅಂದ್ರೆ ಬಿಡಲ್ಲ. ಹೊಲಾನೇ ಹೋದ್ರೆ ಬಿಡ್ತಾಳೆ ಅಂದ್ಕೊಂಡೆ."

"ಬೆನ್ನು ನಂದಲ್ವಾ ಅಣ್ಣಾ" ಎಂದಳು ತಂಗಿ. "ನನ್ನ ಕೇಳಬಾರದಿತ್ತಾ?"

ಸಾಹೇಬರು ಕನ್ನಡಕ ತೆಗೆದರು. ವರದಿ ರದ್ದು ಮಾಡೋಣ, ಹೊಲದಿಂದ ಹೊಸ ಮಣ್ಣು ತನ್ನಿ ಎಂದರು.

"ಎಲ್ಲಿಂದ ತರ್ಲಿ ಸಾಹೇಬರೇ?" ತಂಗಿಯ ದನಿ ಏರಲಿಲ್ಲ. "ಮೂರು ದಿನದಿಂದ ಯಂತ್ರ ಓಡ್ತಿದೆ. ಮೇಲಿನ ಮಣ್ಣೆಲ್ಲ ಕೆರೆದು ಮಾರೋಕೆ ಅಂತ ಲಾರೀಲಿ ಸಾಗಿಸಿದ್ರು. ಈಗ ಉಳಿದಿರೋದು ಬರೀ ಗೊರಚು ಕಲ್ಲು."

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗಿತ್ತು. ಈಗ ಪರೀಕ್ಷೆ ಮಾಡಿದರೆ ಹೊಲ ಬಂಜರೆಂದೇ ಬರುತ್ತದೆ, ಸುಳ್ಳು ವರದಿ ನಿಜವಾಗಿಹೋಯಿತು ಎಂದು ಮೇಷ್ಟ್ರು ಒಪ್ಪಿಕೊಂಡರು. ತಂಗಿ ಮೊದಲ ದಿನ ತಂದಿದ್ದ, ಕಿಟಕಿಯಲ್ಲಿದ್ದ ಡಬ್ಬಿಯನ್ನು ತೋರಿಸಿದರು. ಕಚೇರಿಯವರು ತೆಗೆಯದ ಮಣ್ಣು ನಡೆಯುವುದಿಲ್ಲ ಎಂದು ಸಾಹೇಬರು ಎದ್ದರು. ಕಂಡುಹಿಡಿಯುವುದಷ್ಟೇ ಬಲ್ಲ ಮೇಷ್ಟ್ರು ಮುದಿ ಕೈಗಳನ್ನು ಮಡಿಲಲ್ಲಿಟ್ಟು ಕುಳಿತುಬಿಟ್ಟರು. ಅಣ್ಣ ತಂಗಿ ಒಂದೇ ಬಾಗಿಲಿನಿಂದ, ದೂರ ದೂರವಾಗಿ ಹೊರಟರು.

ಕೋಣೆ ಖಾಲಿಯಾದ ಮೇಲೆ ತಕ್ಕಡಿ ಅಕ್ಕ ಡಬ್ಬಿಯನ್ನು ಇಳಿಸಿಕೊಂಡಳು. ಎರೆಹುಳುವನ್ನು ಹೊರಗಿನ ಗಿಡದ ಬುಡಕ್ಕೆ ಬಿಟ್ಟು ಬಂದಳು. ಮಣ್ಣನ್ನು ತೂಗಿ ಒಂದು ಚೀಲಕ್ಕೆ ತುಂಬಿದಳು, ಚೀಟಿಯಲ್ಲಿ ತಂಗಿಯ ಹೆಸರು ಬರೆದಳು. ಯಾರೂ ಕೇಳದ ಆ ಚೀಲಕ್ಕೆ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ ಕಪಾಟಿನಲ್ಲಿಟ್ಟಳು.