ಕತ್ತಲರಾಯನ ಗಾಜಿನ ಬೋಗುಣಿ

ಬಹಳ ಹಿಂದೆ, ಸೂರ್ಯ ಕೂಡ ಅಪ್ಪಣೆ ಕೇಳಿ ಹುಟ್ಟುತ್ತಿದ್ದ ಕಾಲದಲ್ಲಿ, ನೀರುಕೋಟೆ ಎಂಬ ರಾಜ್ಯವಿತ್ತು. ಅಲ್ಲಿ ಕೆಂಚವ್ವ ಎಂಬ ಬಾವಿ ಕಾಯುವ ಹೆಂಗಸಿದ್ದಳು. ಬಾವಿಗಿಳಿದು ಹೂಳು ತೆಗೆಯುವುದು, ನೀರು ತಿಳಿಯಾಗಿರಲೆಂದು ಒಂದು ಆಮೆ ಬಿಡುವುದು ಅವಳ ಕಸುಬು. ತನ್ನವರು ಎಂದು ಅವಳಿಗಿದ್ದವಳು ತಂಗಿ ಹೊಂಬಾಳೆ ಒಬ್ಬಳೇ.

ಒಂದು ದಿನ ಬಾವಿಕಟ್ಟೆಯ ಮೇಲೆ ಕೊಡ ಇತ್ತು, ಹೊಂಬಾಳೆ ಇರಲಿಲ್ಲ. ಬಾವಿಯ ತಳದಲ್ಲಿ ಹಿಂದೆಂದೂ ಇರದ ಬಾಗಿಲೊಂದು ತೆರೆದಿತ್ತು. ಕೆಂಚವ್ವ ಹಗ್ಗ ಹಿಡಿದು ಇಳಿದು ಒಳಹೊಕ್ಕಳು.

ಅದು ಮಾಂತ್ರಿಕ ಕತ್ತಲರಾಯನ ಅರಮನೆ. ಬಿಸಿಲಿನ ಮುಖ ಕಾಣದ ಜಾಗ, ದೂರದಲ್ಲಿ ಒಂದೇ ಹಣತೆ. ಗೋಡೆಯುದ್ದಕ್ಕೂ ಗಾಜಿನ ಬೋಗುಣಿಗಳು, ಒಂದೊಂದರಲ್ಲಿ ಒಂದೊಂದು ಮೀನು. ಕೆಂಚವ್ವ ಬಗ್ಗಿ ನೋಡಿದಳು. ಮೀನುಗಳು ರೆಪ್ಪೆ ಬಡಿದವು. ಮೀನಿಗೆ ಎಲ್ಲಿಯ ರೆಪ್ಪೆ? ಕೊನೆಯ ಬೋಗುಣಿಯ ಬೆಳ್ಳಿಮೀನು ಗಾಜಿಗೆ ಬಾಯಿ ಒತ್ತಿ, "ಅಕ್ಕಾ" ಎಂದಿತು.

"ಇವು ತಿಂಗಳು ಬಾಳುವುದಿಲ್ಲ," ಎಂದ ಕತ್ತಲರಾಯ ಹಿಂದಿನಿಂದ. ಅವನಿಗೆ ನೆರಳಿತ್ತು, ಮೈ ಇರಲಿಲ್ಲ. "ನೀರು ಕೊಳೆಯುತ್ತದೆ, ಸಾಯುತ್ತವೆ, ಬೇರೆ ತರುತ್ತೇನೆ. ನಿನ್ನ ತಂಗಿಯನ್ನು ಮೂರು ಅಮಾವಾಸ್ಯೆ ಉಳಿಸು ನೋಡೋಣ. ಅಮಾವಾಸ್ಯೆಗೊಂದು ಸಲ ನಾನು ಮುಂದಿಟ್ಟದ್ದರಲ್ಲಿ ನೀನು ಆರಿಸಬೇಕು. ಗೆದ್ದರೆ ಎಲ್ಲರನ್ನೂ ಬಿಟ್ಟು, ಅವಳ ಜಾಗಕ್ಕೆ ನಾನೇ ಇಳಿಯುತ್ತೇನೆ."

ನೀರು ಮುಟ್ಟಿ ಆಣೆ ಇಟ್ಟ. ಸೋಲುತ್ತೇನೆಂದು ಅವನಿಗೆ ಕನಸಿನಲ್ಲೂ ಅನಿಸಿರಲಿಲ್ಲ.

ಮೊದಲ ಅಮಾವಾಸ್ಯೆಗೆ ಬೋಗುಣಿಯಲ್ಲಿ ನೆಡಲು ಗಿಡಗಳನ್ನು ಹರವಿದ. ಹಾಡುವ ಕೆಂದಾವರೆ, ಚಿನ್ನದೆಲೆಯ ಬಳ್ಳಿ, ಮೂಲೆಯಲ್ಲಿ ಮಂಕು ಬಡಿದಂಥ ಒಂದು ಜರಿಗಿಡ.

"ತಾವರೆ ತೆಗೆದುಕೋ. ತಂಗಿಗೆ ಜೋಗುಳ ಹಾಡುತ್ತದೆ."

"ಬಿಸಿಲಿಲ್ಲದ ಕಡೆ ತಾವರೆ ಹಾಡೋದು ಮೂರೇ ದಿನ, ಆಮೇಲೆ ಕೊಳೀತದೆ," ಎಂದಳು ಕೆಂಚವ್ವ. "ಜರಿಗಿಡ ಬಾವಿ ಗೋಡೇಲೂ ಬೆಳೀತದೆ. ಅದಕ್ಕೆ ಮಿಣುಕು ಬೆಳಕು ಸಾಕು."

ಕತ್ತಲರಾಯ ಅದನ್ನು ಬೋಗುಣಿಯ ಮರಳಿನಲ್ಲಿ ಆಳಕ್ಕೆ ಹೂಳಹೋದ. ಕೆಂಚವ್ವ ಕಿತ್ತುಕೊಂಡು, ಸೆರಗಿನಿಂದ ನೂಲೆಳೆದು, ಗಿಡವನ್ನು ಕಲ್ಲಿಗೆ ಕಟ್ಟಿ ನೀರಿಗಿಳಿಸಿದಳು.

"ಇದು ಕಲ್ಲಿಗೆ ಅಂಟಿ ಬೆಳೆಯೋದು, ಹೂತರೆ ಗೆಡ್ಡೆ ಕೊಳೆತು ಸಾಯ್ತದೆ. ಬಾವಿಯವಳಿಗೇ ನೀರಿನ ಪಾಠ ಹೇಳಬೇಡ!"

ಎರಡನೆಯ ಅಮಾವಾಸ್ಯೆಗೆ ಜೊತೆಗಾರರನ್ನು ತಂದ. ಉದ್ದ ಬಾಲದ ಹೊನ್ನಮೀನು, ಅಂಗೈಯಗಲದ ಆಮೆ, ಒಂದು ಬಸವನಹುಳುವಿನ ಜೊತೆ ನಾಲ್ಕು ಸೀಗಡಿಮರಿ. ಕೈಗೆ ಕಸುಬಿನ ರೂಢಿ. ಕೆಂಚವ್ವ ಯೋಚಿಸದೆ ಆಮೆಯನ್ನು ಎತ್ತಿ ನೀರಿನ ಮೇಲೆ ಹಿಡಿದಳು. ಹೊಂಬಾಳೆ ಕಲ್ಲಿನ ಹಿಂದೆ ಅಡಗಿ ನಡುಗಿದಳು. ಆಮೆ ಬಾಯಿ ತೆರೆಯಿತು. ಒಳಗೆ ಸಾಲಾಗಿ ಮನುಷ್ಯರ ಹಲ್ಲುಗಳಿದ್ದವು.

ಕೆಂಚವ್ವ ಥಟ್ಟನೆ ಅದನ್ನು ಹಿಂದಕ್ಕೆಳೆದು ನೆಲಕ್ಕಿಟ್ಟಳು. ಬಾವಿಯಲ್ಲಾದರೆ ಮೀನಿಗೆ ಓಡಲು ಜಾಗವುಂಟು, ಬೋಗುಣಿಯಲ್ಲಿ ಎಲ್ಲಿಗೆ ಓಡೀತು? ಹೊನ್ನಮೀನೋ, ಸದಾ ತಿಂದು ನೀರೆಲ್ಲ ಹೊಲಸು ಮಾಡುವ ಜಾತಿ. ಅವಳು ಬಸವನಹುಳುವನ್ನೂ ಸೀಗಡಿಗಳನ್ನೂ ಬಿಟ್ಟಳು. ಅವು ಗಾಜಿನ ಪಾಚಿ ನೆಕ್ಕುತ್ತ, ಯಾರ ತಂಟೆಗೂ ಹೋಗದೆ ಉಳಿದವು.

ಮೂರನೆಯ ಅಮಾವಾಸ್ಯೆಗೆ ಕತ್ತಲರಾಯ ಬರಿಗೈಯಲ್ಲಿ ಬಂದ.

"ಮೇಲೆ ನಿನಗೆ ಯಾರಿದ್ದಾರೆ? ನೀನೂ ಇಳಿ. ಅಕ್ಕತಂಗಿ ಒಟ್ಟಿಗಿರಿ. ಒಲ್ಲೆಯಾದರೆ ಒಬ್ಬಳೇ ಹೊರಡು."

ನೀರಿನೊಳಗಿಂದ ಹೊಂಬಾಳೆಯ ದನಿ ಕೇಳಿತು: "ಬಾ ಅಕ್ಕಾ, ಬಾ." ಆದರೆ ಹೊಂಬಾಳೆಯ ಬಾಯಿ ಮುಚ್ಚಿತ್ತು.

ಕೆಂಚವ್ವನಿಗೆ ಆಸೆಯಾಯಿತು. ಮೂರು ತಿಂಗಳಿಂದ ತಂಗಿಯ ತಲೆ ಸವರಿರಲಿಲ್ಲ. ಬೆರಳು ಅದ್ದಿದಳು, ಉಗುರಿನ ಸುತ್ತ ಮೀನಿನ ಹುರುಪೆ ಎದ್ದಿತು. ಇನ್ನೊಂದು ಗೇಣು ಇಳಿದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಅಳುತ್ತಲೇ ಕೈ ಎಳೆದುಕೊಂಡಳು.

"ಒಂದು ಮೀನಿಗಾಗೋ ನೀರಲ್ಲಿ ಎರಡು ಬಿಟ್ಟರೆ ಎರಡೂ ಸಾಯ್ತವೆ. ಅವಳ ಜೊತೆ ನಂಗೆ ಬೇಡ. ಅವಳು ಬದುಕಿದರೆ ಸಾಕು."

ಹಣತೆ ನಂದಿತು. ಮತ್ತೆ ಹೊತ್ತಿಕೊಂಡಾಗ ಹೊಂಬಾಳೆ ನೀರು ಸೋರುತ್ತ ಎದುರಿಗೆ ನಿಂತಿದ್ದಳು, ಬೋಗುಣಿಗಳಿಂದೆಲ್ಲ ಜನ ಕೆಮ್ಮುತ್ತ ಹೊರಬರುತ್ತಿದ್ದರು. ತಂಗಿಯಿದ್ದ ಬೋಗುಣಿಯಲ್ಲಿ ಒಂದು ಕಪ್ಪುಮೀನಿತ್ತು.

ಒಡೆದುಹಾಕು ಎಂದರು ಊರವರು. ಕೆಂಚವ್ವ ಬೋಗುಣಿಯನ್ನು ಮನೆಗೆ ತಂದು, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸತೊಡಗಿದಳು.

"ನನ್ನನ್ನ ಮೀನು ಮಾಡಿದೋನಿಗೆ ಸೇವೆನಾ ಅಕ್ಕಾ?" ಎಂದಳು ಹೊಂಬಾಳೆ ಸಿಟ್ಟಿನಿಂದ.

"ಸಾಯಲಿ ಅಂತ ಬಿಡೋದು ಅವನ ಕಸುಬು ಕಣೇ. ನೀರು ನೋಡ್ಕೊಳ್ಳೋದು ನಂದು."

ಮುಂದಿನ ವಾರ ಆ ಬೋಗುಣಿಗೆ ನೀರು ಹೊತ್ತು ತಂದವಳು ಹೊಂಬಾಳೆಯೇ. ಅಕ್ಕತಂಗಿ ಉಂಡುಟ್ಟು ನೂರು ವರ್ಷ ಸುಖವಾಗಿ ಬಾಳಿದರು, ಆ ಮೀನೂ ಬಾಳಿತು.