ತೆಗೆದಿಟ್ಟ ಕಿಟಕಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಮ್ಮ ಗಾರೆ ಮನೆಯ ಹಿಂದಿನ ಕೋಣೆಯಲ್ಲಿದ್ದ ಹಳೇ ಅಲ್ಯೂಮಿನಿಯಂ ಕಿಟಕಿಯಿಂದ ಸದಾ ಸುಂಯ್ ಎಂದು ತಣ್ಣನೆಯ ಗಾಳಿ ನುಗ್ಗುತ್ತಿತ್ತು. ಸಂದಿಗೆ ಎಷ್ಟು ಬಟ್ಟೆ ತುರುಕಿದರೂ ನಿಲ್ಲುತ್ತಿರಲಿಲ್ಲ. ಹೊಸ ಕಿಟಕಿ ಕೂರಿಸಿದ ಕೂಡಲೇ ಕೋಣೆ ಬೆಚ್ಚಗಾಯಿತು. ಅಮ್ಮ ಶಾಲು ತೆಗೆದಿಟ್ಟು ಹಾಯಾಗಿ ಮಲಗಿದರು.

ಹಳೆಯದನ್ನು ಹಿತ್ತಲ ಗೋಡೆಗೆ ಒರಗಿಸಿದ್ದೆವು. ಎಲೆಯೂ ಅಲುಗದ ಮಧ್ಯಾಹ್ನ. ಆದರೆ ತಂತಿಯ ಮೇಲಿನ ಬಟ್ಟೆಗಳಲ್ಲಿ, ಆ ಕಿಟಕಿಯ ಎದುರಿಗಿದ್ದ ನನ್ನ ಅಂಗಿ ಮಾತ್ರ ಪಟಪಟ ಬಡಿದುಕೊಳ್ಳುತ್ತಿತ್ತು.

“ನೋಡ್ತಾ ನಿಂತ್ಕೋಬೇಡಿ, ಮೊದಲು ಅದನ್ನ ಸಾಗಹಾಕಿ!” ಎಂದಳು ಹೆಂಡತಿ.

ಬೆವರು ಒರೆಸಿಕೊಳ್ಳುತ್ತ ಬಂದ ಗುಜರಿಯವನಿಗೆ ಪುಕ್ಕಟೆ ಕೊಟ್ಟೆ. ಅವನು ಅದನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು ಸೈಕಲ್ ಗಾಡಿ ತುಳಿದ. ಪೀಡೆ ತೊಲಗಿತು ಎಂದು ನಾವಿಬ್ಬರೂ ನಕ್ಕೆವು.

ಬೀದಿಯ ತಿರುವಿನಲ್ಲಿ, ಆ ಸುಡುಬಿಸಿಲಿನಲ್ಲೇ, ಅವನು ಗಾಡಿ ನಿಲ್ಲಿಸಿ, ಕಾಲರೆತ್ತಿ, ಕತ್ತಿನವರೆಗೂ ಗುಂಡಿ ಹಾಕಿಕೊಂಡ.