ಖಾಲಿ ಕಾಲಂ

"ಎಸೀರಿ!"

ಇಪ್ಪತ್ತು ಮುಖದ ದಾಳವೊಂದು ಕೌಂಟರಿನ ಮೇಲೆ ಉರುಳಿ ಬಂದು ಚೈತ್ರಶ್ರೀಯ ಬೆರಳಿಗೆ ತಾಗಿ ನಿಂತಿತು.

ತಲೆಯೆತ್ತಿದಳು. ಮಣ್ಣು ಮೆತ್ತಿದ ಗಂಬೂಟು, ಕೈಯಲ್ಲಿ ಪೆನ್‌ಡ್ರೈವ್, ಮುಖದ ತುಂಬ ನಗು. ಹೆತ್ತೂರಿನ ಕಾಫಿ ಬೆಳೆಗಾರ, ಹೆಸರು ಧರ್ಮ.

"ಎಷ್ಟು ಕಾಪಿ?" ಅಂದಳು.

ಇಂಥ ಹುಡುಗಿಗೆ ಏನು ಹೇಳ್ತೀರಿ! ಬೇರೆ ಯಾರಾದರೂ ನಗುತ್ತಿದ್ದರು, ಇಲ್ಲಾ ಬೈಯುತ್ತಿದ್ದರು. ಬಾಳ್ಳುಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕೂರುವ ಈ ಚೈತ್ರಶ್ರೀಗೆ ಅವ್ವ ನಾಗರತ್ನಮ್ಮ ತೀರಿಕೊಂಡ ಎಂಟು ತಿಂಗಳಿಂದ ನಗುವೂ ಇಲ್ಲ, ಅಳುವೂ ಇಲ್ಲ. ಒಂದು ಹನಿ ಕಣ್ಣೀರು ಹಾಕಲಿಲ್ಲ ಅಂತ ನೆಂಟರು ಆಡಿಕೊಂಡಾಗ, 'ಹೌದಲ್ಲ' ಅಂದುಕೊಂಡಿದ್ದಳು, ಅಷ್ಟೇ.

ಧರ್ಮ ಒಂದು ಆಟ ಕಟ್ಟುತ್ತಿದ್ದ. ನಾಲ್ಕು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ರಾಕ್ಷಸರ ಕಾಡು ದಾಟುವ ಆಟ. ಕತ್ತಿ ಹಿಡಿದ ವೀರರು, ಮಂತ್ರವಾದಿಗಳು ಅವನಿಗೆ ಸಾಕಾಗಿದ್ದರು. ಹೊಸ ಪಾತ್ರ ಬರೆದು ವಾರಕ್ಕೊಂದು ಕಾರ್ಡು ಪ್ರಿಂಟ್ ಹಾಕಿಸೋಕೆ ಬರುತ್ತಿದ್ದ.

"ಇವನು ಎಸ್ಟೇಟಿನ ರೈಟರ್ ಕಣ್ರೀ. ಹಾಜರಿ ಪುಸ್ತಕ ತೆಗ್ದು ಹೆಸರು ಕೂಗಿದ್ರೆ, ದೆವ್ವನೂ 'ಬಂದೆ ಸಾರ್' ಅನ್ಬೇಕು! ಅವನೇ ಏಟು ತಿಂದು ಬಿದ್ರೆ ಎಬ್ಬಿಸೋ ಮದ್ದು, ಬೆಲ್ಲದ ಕಾಫಿ!"

"ಆಯ್ತು."

"ಊಟ ಆಯ್ತಾ?"

"ಆಯ್ತು."

ಪ್ರತಿ ಸಲ ಇದೇ. ಆಗಿರುತ್ತಿರಲಿಲ್ಲ. ತಂದ ಊಟದ ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ಮನೆಗೆ ಹೋಗುತ್ತಿತ್ತು.

ಒಂದು ಬುಧವಾರ, "ಒಂದೇ ಕಾಪಿ ಸಾಕು" ಅಂತ ಪೆನ್‌ಡ್ರೈವ್ ಕೊಟ್ಟು ಧರ್ಮ ಗೊಬ್ಬರದಂಗಡಿಗೆ ಹೋದ. ಕಾರ್ಡು ತೆರೆದ ಚೈತ್ರಶ್ರೀಯ ಕೈ ಮೌಸಿನ ಮೇಲೆ ನಿಂತುಬಿಟ್ಟಿತು.

ಪಾತ್ರ: ಮರಗಟ್ಟಿದವಳು.
ಬಲ: ಯಾವ ಏಟೂ ತಾಗಲ್ಲ.
ಕೊರತೆ: ಏನು ಕೇಳಿದರೂ 'ಆಯ್ತು' ಅಂತಾಳೆ.
ಮದ್ದು:

ಮುಂದೆ ಖಾಲಿ.

'ನಾನು... ಇವನಿಗೆ ಆಟದ ಸಾಮಾನಾ?'

ಎಲ್ಲೋ ದೂರದಲ್ಲಿ ಏನೋ ಚುಚ್ಚಿದ ಹಾಗಾಯಿತು. ಮತ್ತೆ ಏನಿಲ್ಲ. ದಿನವಿಡೀ ಜನರ ಅರ್ಜಿ ತುಂಬುವವಳು; ಕಾಲಂ ಖಾಲಿ ಬಿಟ್ಟರೆ ಅರ್ಜಿ ವಾಪಸ್ ಬರುತ್ತೆ. ಕೈ ತಾನಾಗೇ 'ಇಲ್ಲ' ಅಂತ ಟೈಪ್ ಮಾಡಿತು. ಪ್ರಿಂಟ್ ಕೊಟ್ಟಳು.

ವಾಪಸ್ ಬಂದ ಧರ್ಮ ಕಾರ್ಡು ನೋಡಿದ. ನಗು ಹೋಯಿತು.

"ಯಾರು ಹಾಕಿದ್ದು, 'ಇಲ್ಲ' ಅಂತ?"

"ನಾನೇ. ಖಾಲಿ ಬಿಡಂಗಿಲ್ಲ."

"ಮದ್ದೇ ಇಲ್ಲ ಅಂತ ನೀವೇ ತೀರ್ಮಾನ ಮಾಡ್ಬುಟ್ರಾ?"

"ನನ್ನ ನೋಡಿ ಬರ್ದು ನಾಲ್ಕು ಜನದ ಮುಂದೆ ಆಡಿಸ್ತೀರಲ್ಲ, ನಾಚಿಕೆ ಆಗಲ್ವೇನ್ರೀ ನಿಮಗೆ!"

ತನ್ನ ದನಿ ಏರಿದ್ದು ಕೇಳಿ ಅವಳೇ ಬೆಚ್ಚಿದಳು.

"ಅಯ್ಯೋ, ಯಾರ ಮುಂದೂ ಅಲ್ಲ ಕಣ್ರೀ! ಅದಕ್ಕೇ ಒಂದೇ ಕಾಪಿ ಅಂದಿದ್ದು... ನಿಮಗೆ ಕೊಡೋಕೆ." ಧರ್ಮ ಕಾರ್ಡನ್ನು ಅವಳ ಮುಂದಿಟ್ಟ. "ಎಲ್ಲಾ ಪಾತ್ರಕ್ಕೂ ಮದ್ದು ಐತೆ. ಇವಳ್ದು ಮಾತ್ರ ನಂಗೆ ಹೊಳೀಲಿಲ್ಲ. ನೀವೇ ಹೇಳ್ತೀರಿ ಅಂತ ಖಾಲಿ ಬಿಟ್ಟೆ. ನಿಮ್ಮನ್ನ ಕಂಡ್ರೆ ನಂಗೆ ಇಷ್ಟ ಕಣ್ರೀ... ಆಟ ಮುಗ್ದೋದ್ರೂ ಬರ್ತೀನಿ."

ಚೈತ್ರಶ್ರೀ ಕಾದಳು. ಸಂತೋಷ ಆಗಬೇಕಿತ್ತು. ಆಗಲಿಲ್ಲ. ಆದರೆ... ಹೊಟ್ಟೆ ಹಸಿದಿತ್ತು! ಎಂಟು ತಿಂಗಳಲ್ಲಿ ಮೊದಲ ಸಲ ಅದು ಅವಳಿಗೆ ಗೊತ್ತಾಯಿತು.

"ಅದನ್ನ ಕೇಳಿ," ಅಂದಳು ಮೆಲ್ಲಗೆ.

"ಯಾವ್ದನ್ನ?"

"ಬಂದಾಗೆಲ್ಲ ಕೇಳ್ತೀರಲ್ಲ... ಅದನ್ನ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ಊಟ... ಆಯ್ತಾ?"

"ಇಲ್ಲ," ಅಂದಳು. ಮೇಜಿನ ಕೆಳಗಿನಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. "ಇಬ್ಬರಿಗೂ ಸಾಕಾಗುತ್ತೆ. ಕೈ ತೊಳ್ಕೊಂಡು ಬನ್ನಿ."